ಸೈನೈಡ್ ಗುಡ್ಡಕ್ಕೆ ಇಟ್ಟಿಗೆಯ ಲೆಕ್ಕ

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿ ಆರು ವರ್ಷಕ್ಕೆ, 2007ರಲ್ಲಿ, ಅಲ್ಲಿನ ಚಾಂಪಿಯನ್ ರೀಫ್ಸ್‌ನಲ್ಲಿ ನೆಲೆಸಿದ್ದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್‌ನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಊರ ತುಂಬ ಬಿದ್ದಿರುವ ಸೈನೈಡ್ ಗುಡ್ಡಗಳ ಪುಡಿಯಿಂದ ಇಟ್ಟಿಗೆ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಹಸಿಕಸ, ಒಣಕಸದ ಡಬ್ಬಿಗಳಿಗೇ ನಿಂತುಬಿಡುವ ಮರುಬಳಕೆಯ ಮಾತನ್ನು ಈ ಕೆಲಸ ಊರಿನ ಅತಿ ದೊಡ್ಡ ತ್ಯಾಜ್ಯದವರೆಗೆ ಒಯ್ದಿತು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿದಂದಿನಿಂದ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೋಯಿತು. ಊರಿಗೆ ಉಳಿದದ್ದು 3.3 ಕೋಟಿ ಟನ್ನಿನಷ್ಟು ಪುಡಿ. ಅದಿರನ್ನು ಕುಟ್ಟಿ ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಹೊರಗೆ ಸುರಿದ ಪುಡಿ ಅದು. ಮಳೆ ಕೊರೆದ ಸೀಳುಗಳು ಗುಡ್ಡದ ಮೈತುಂಬ ಇವೆ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಜೋರು ಗಾಳಿಯ ದಿನಗಳಲ್ಲಿ ಅದೇ ಪುಡಿ ಕಾರ್ಮಿಕರ ಲೈನ್ ಮನೆಗಳೊಳಗೆ ನುಗ್ಗಿ ಪಾತ್ರೆ, ಹಾಸಿಗೆ, ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತದೆ. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ವಿಘಟನೆಯಾಗುತ್ತದೆ. ಆದರೆ ಪುಡಿಯಲ್ಲಿರುವ ಸಿಲಿಕಾ ಎಲ್ಲಿಗೂ ಹೋಗದು. ನೆಲದಡಿ ದುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾದವರ ಊರಿದು. ಮಕ್ಕಳೂ ಅದೇ ದೂಳು ಕುಡಿಯಬೇಕಾದದ್ದು ಅನ್ಯಾಯ.

ಸಂಶೋಧಕರು ಪುಡಿಗೆ ಒಮ್ಮೆ ಸಿಮೆಂಟ್, ಒಮ್ಮೆ ಕೆಂಪು ಮಣ್ಣು, ಎರೆಮಣ್ಣು ಬೆರೆಸಿ ನೋಡಿದರು. ಶೇ 20ರಷ್ಟು ಸಿಮೆಂಟ್ ಹಾಕಿ 14 ದಿನ ನೀರುಣಿಸಿದ ಇಟ್ಟಿಗೆ ಗಟ್ಟಿಯಾಯಿತು, ಆದರೆ ದುಬಾರಿ. ಮಣ್ಣು ಬೆರೆಸಿ ಸುಟ್ಟದ್ದು ಅಗ್ಗ. ತಮ್ಮದೇ ಒಂದು ದಾರಿ ಲಾಭದ್ದಲ್ಲ ಎಂದು ಹೇಳಿದ್ದೇ ಈ ಅಧ್ಯಯನದ ದೊಡ್ಡ ಗುಣ. ಆದರೂ ಬಲ, ನೀರು ಹೀರುವಿಕೆ, ಕುಗ್ಗುವಿಕೆಗಳಷ್ಟನ್ನೇ ನೋಡಿ ಇಟ್ಟಿಗೆಯನ್ನು ಮನೆಗೆ ಒಯ್ಯಲಾಗದು. ಮಳೆಗೆ ನೆನೆದಾಗ ಅದರಿಂದ ಏನು ಇಳಿದು ಬರುತ್ತದೆ ಎಂಬುದೂ ಗೊತ್ತಾಗಬೇಕು. ಇಟ್ಟಿಗೆಗೆ ಬೆರೆಸಲು ಹೊಲದ ಮೇಲ್ಮಣ್ಣು ಕೆರೆದು ಗುಡ್ಡ ಕರಗಿಸುವುದೂ ಸಲ್ಲದು. ಅದರ ಬದಲು ಕೋಲಾರ ಜಿಲ್ಲೆಯ ಕೆರೆಗಳ ಹೂಳನ್ನು ಪರೀಕ್ಷಿಸಿ ನೋಡಬಹುದು. ಒಂದು ಇಟ್ಟಿಗೆಗೆ ಒಂದೂವರೆ ಕಿಲೊ ಪುಡಿ ಎಂದು ಹಿಡಿದರೂ ಎಲ್ಲ ಮುಗಿಯಲು 2,200 ಕೋಟಿ ಇಟ್ಟಿಗೆ ಬೇಕು. ಹಾಗಾಗಿ ಇಟ್ಟಿಗೆಯೊಂದರಿಂದಲೇ ಆಗುವ ಕೆಲಸವಲ್ಲ. ಕೆನಡಾ, ಆಸ್ಟ್ರೇಲಿಯಾದ ಗಣಿಗಳಲ್ಲಿ ಇಂಥ ಪುಡಿಗೆ ಸಿಮೆಂಟ್ ಕಲಸಿ ಖಾಲಿ ಸುರಂಗಗಳಿಗೇ ತುಂಬುವ ರೂಢಿಯಿದೆ.

ಸರ್ಕಾರ ಹಿಡಿದ ದಾರಿ ಬೇರೆ. 13 ಗುಡ್ಡಗಳ ಸುಮಾರು 1,003 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿತು. ಕೆಲಸ ಸಿಗುತ್ತದೆಂಬ ಜನರ ಆಸೆ ನ್ಯಾಯವಾದದ್ದೇ. ಆದರೆ ಟನ್ನಿಗೆ ಸಿಗುವ ಚಿನ್ನ ಒಂದು ಗ್ರಾಮಿಗೂ ಕಡಿಮೆ. ಅಷ್ಟನ್ನು ತೆಗೆದ ಮೇಲೆ ಹೆಚ್ಚುಕಡಿಮೆ ಇಡೀ ಗುಡ್ಡ ಹಾಗೇ ಉಳಿಯುತ್ತದೆ. ಅದನ್ನು ಮರುಬಳಕೆ ಎನ್ನಲಾಗದು, ಎರಡನೇ ಸುತ್ತಿನ ಗಣಿಗಾರಿಕೆ ಎನ್ನಬಹುದು. ಬೆಂಗಳೂರಿನ ಕಸವನ್ನೂ ಇಲ್ಲಿಗೇ ಸುರಿಯುವ ಪ್ರಸ್ತಾವ ಬಂದಾಗ ಬೀದಿಗಿಳಿದವರು ಈ ಊರಿನ ಜನ. ಉಳಿಕೆ ಪುಡಿ ಎಲ್ಲಿಗೆ ಹೋಗುತ್ತದೆಂದು ಟೆಂಡರಿನಲ್ಲೇ ಬರೆಯಿರಿ ಎಂದು ಕೇಳುವ ಹಕ್ಕು ಅವರಿಗಿದೆ.

ಕೆಜಿಎಫ್‌ನ ಊರಿಗಾಂನಲ್ಲಿ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿದೆ, ಗಣಿ ಎಂಜಿನಿಯರಿಂಗ್ ಕಲಿಸುತ್ತದೆ. 2007ರ ಆ ಇಟ್ಟಿಗೆ ಪ್ರಯೋಗವನ್ನು ಅಲ್ಲಿನ ವಿದ್ಯಾರ್ಥಿಗಳು, ಅಧ್ಯಾಪಕರು ಮುಂದುವರಿಸಲಿ. ಆವರಣದಲ್ಲಿ ಗುಡ್ಡದ ಪುಡಿಯ ಒಂದು ಕಾಂಪೌಂಡ್ ಗೋಡೆ ಕಟ್ಟಿ, ನಾಲ್ಕು ಮಳೆಗಾಲ ಅದರಿಂದ ಇಳಿಯುವ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಊರವರ ಮುಂದೆ ಇಡಲಿ. ಅದಕ್ಕೆ ಬೇಕಾದ ಹಣವನ್ನು ಸರ್ಕಾರ ಈ ವರ್ಷವೇ ಕೊಡಬೇಕು.