ದ್ಯೂತನಗರದ ವೇಷಾಂತರ

ವೆಂಚುರಿ, ಸ್ಕಾಟ್ ಬ್ರೌನ್, ಐಜೆನೂರ್ ಎಂಬ ಮೂವರು 1972ರಲ್ಲಿ ‘ಲರ್ನಿಂಗ್ ಫ್ರಮ್ ಲಾಸ್ ವೇಗಾಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ನೆವಾಡಾ ಮರುಭೂಮಿಯ ಆ ದ್ಯೂತನಗರದಲ್ಲಿ ಅವರು ಕಂಡುದು ಹೆದ್ದಾರಿಯ ಅಂಚಿನಲ್ಲಿ ಗಗನಕ್ಕೇರಿದ ದೀಪಫಲಕ, ಅದರ ಹಿಂದೆ ಮೋಟಾರುಗಳು ನಿಲ್ಲುವ ಬಯಲು, ಬಯಲಿನಾಚೆ ತಗ್ಗಾದ ಸಾಧಾರಣ ಕಟ್ಟಡ. ವೇಗದಿಂದ ಸಾಗುವವನಿಗೆ ಕಟ್ಟಡವು ಕಾಣದು. ಆದುದರಿಂದ ಶೃಂಗಾರವೆಲ್ಲ ಫಲಕಕ್ಕೇ ಸಂದಿತು. ಇದನ್ನು ಅವರು ಅಲಂಕೃತ ಕೊಟ್ಟಿಗೆಯೆಂದು ಕರೆದರು. ಲಾಂಗ್ ಐಲೆಂಡಿನಲ್ಲಿ ಬಾತುಕೋಳಿಯ ಆಕಾರದಲ್ಲೇ ಕಟ್ಟಿದ ಬಾತುಕೋಳಿಯಂಗಡಿಯೊಂದಿದೆ. ಕಟ್ಟಡವೇ ಚಿಹ್ನೆಯಾಗುವ ಆ ಬಗೆಗಿಂತ ಕೊಟ್ಟಿಗೆಯೇ ಮೇಲೆಂಬುದು ಅವರ ವಾದ. ಸುಸಂಸ್ಕೃತರು ಹಳಿದ ಆ ಫಲಕಗಳಲ್ಲಿ ಒಂದು ನೇರತನವಿದ್ದುದು ನಿಜ: ಅವು ಜಾಹೀರಾತುಗಳು, ಅನ್ಯವೆಂದು ನಟಿಸಲಿಲ್ಲ.

ನಗರವು ಮಾತ್ರ ಬಾತುಕೋಳಿಯನ್ನೇ ವರಿಸಿತು. 1993ರಲ್ಲಿ ಲಕ್ಸರ್ ಎಂಬ ಕಪ್ಪುಗಾಜಿನ ಪಿರಮಿಡ್ಡು, 1997ರಲ್ಲಿ ನ್ಯೂಯಾರ್ಕಿನ ಸೌಧಶ್ರೇಣಿ, 1999ರಲ್ಲಿ ವೆನಿಸ್ಸಿನ ಕಾಲುವೆಗಳೂ ಅರ್ಧಪ್ರಮಾಣದ ಐಫೆಲ್ ಗೋಪುರವೂ ತಲೆಯೆತ್ತಿದವು. ಕಟ್ಟಡಗಳು ಬಯಲನ್ನು ದಾಟಿ ಬೀದಿಗೇ ಬಂದವು. ಕಾಲ್ನಡೆಯವನನ್ನು ನಿಲ್ಲಿಸಿ ಒಳಗೆಳೆಯುವುದೇ ಉದ್ದೇಶ. ಅದೇ ದಶಕದ 1993ರ ಅಕ್ಟೋಬರಿನಲ್ಲಿ ಡ್ಯೂನ್ಸ್ ಹೋಟೆಲನ್ನು ಅದರ ಹಿರಿಯ ಫಲಕದೊಡನೆ ಸಿಡಿಮದ್ದಿನಿಂದ ಉರುಳಿಸಿದರು. ನಾಶವೂ ಅಲ್ಲಿ ಜಾತ್ರೆಯಾಯಿತು. ಆ ನೆಲದಲ್ಲಿ 1998ರಲ್ಲಿ ಇಟಲಿಯ ಸರೋವರತೀರವನ್ನು ಅನುಕರಿಸಿದ ಬೆಲಾಜಿಯೊ ಎದ್ದಿತು. ಅದರ ಕಾರಂಜಿಗಳು ಮನೋಹರವೇ ಸರಿ. ಬೀದಿಯಲ್ಲಿ ನಿಂತವನೂ ಕಾಸು ಕೊಡದೆ ನೋಡಬಹುದು. ಆದರೆ ಅನುಕರಣದ ವೆನಿಸ್ಸಿಗೆ ಮೂಲವೊಂದು ಬೇರೆಡೆ ಇದ್ದೇ ಇದೆ. ಡ್ಯೂನ್ಸಿನ ಫಲಕಕ್ಕೆ ಮೂಲವೂ ಅದೇ, ಪ್ರತಿಯೂ ಅದೇ. ತನ್ನದೆನ್ನಬಹುದಾದ ಏಕೈಕ ಕಲೆಯನ್ನು ಆ ಊರು ಹೀಗೆ ತನ್ನ ಕೈಯಾರೆ ಕೆಡವಿತು. ಅಳಿದುಳಿದ ಫಲಕಗಳಲ್ಲಿ ಕೆಲವನ್ನು 1996ರಲ್ಲಿ ಸ್ಥಾಪಿತವಾದ ನಿಯಾನ್ ಮ್ಯೂಸಿಯಂ ತನ್ನ ಅಂಗಳದಲ್ಲಿ ಕಾಪಾಡಿದೆ.