ಉಣ್ಣೆ ಚೆಂಡು, ಪಡುವಣ ಗಾಳಿ

ಚಳ್ಳಕೆರೆಯಲ್ಲಿ ಲಾನ್ ಬೌಲ್ಸ್ ಕ್ಲಬ್ ಕಟ್ಟುತ್ತೇವೆಂದು ಯಾರಾದರೂ ಹೊರಟರೆ ಮೊದಲ ತಕರಾರು ಕುರಿಯವರಿಂದಲೇ ಬಂದೀತು. ಆ ಆಟಕ್ಕೆ ಸುಮಾರು ನಲವತ್ತು ಮೀಟರು ಉದ್ದಗಲದ ಹುಲ್ಲುಹಾಸು ಬೇಕು. ಅದನ್ನು ನಾಲ್ಕೈದು ಮಿಲಿಮೀಟರಿಗೆ ಕತ್ತರಿಸಿ ಇಟ್ಟುಕೊಳ್ಳಬೇಕು, ಬೇಸಿಗೆಯಲ್ಲಿ ಬಿಡದೆ ನೀರುಣಿಸಬೇಕು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಅಮೃತಮಹಲ್ ಕಾವಲಿನ ಹುಲ್ಲೇ ಕಾಂಪೌಂಡುಗಳ ಆಚೆ ಸೇರಿಹೋಗಿರುವಾಗ, ಚೆಂಡು ಉರುಳಿಸುವುದಕ್ಕೆಂದು ಹುಲ್ಲು ಬೆಳೆಸುತ್ತೇವೆ ಅಂದರೆ ಕುರಿ ಕಾಯುವವನು ನಗದೆ ಬಿಡುತ್ತಾನೆಯೇ?

ಆದರೂ 2022ರ ಆಗಸ್ಟ್ 2ರಂದು ಆ ಆಟ ನಮ್ಮವರ ಬಾಯಲ್ಲೂ ಬಂತು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲಿನಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ನಾಲ್ವರೂ ಸೇರಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿದರು. ಒಬ್ಬಾಕೆ ಪೊಲೀಸು, ಇನ್ನೊಬ್ಬಾಕೆ ಶಾಲೆಯ ದೈಹಿಕ ಶಿಕ್ಷಕಿ. ಲಾನ್ ಬೌಲ್ಸಿನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಚಿನ್ನ ಅದು. ಟೀವಿಯಲ್ಲಿ ನೋಡುತ್ತಿದ್ದ ನನಗೆ ಪದಕದಷ್ಟೇ ಹಿಡಿಸಿದ್ದು ಆ ಆಟದ ಹಿಂದಿನ ಬದುಕು. ಇಂಗ್ಲೆಂಡು, ಆಸ್ಟ್ರೇಲಿಯಾದ ಸಣ್ಣಪುಟ್ಟ ಊರುಗಳಲ್ಲಿ ಈ ಕ್ಲಬ್ಬುಗಳನ್ನು ನಡೆಸುವವರು ಸದಸ್ಯರೇ. ಹುಲ್ಲು ಕತ್ತರಿಸುವವರು ಅವರೇ, ಚಹಾ ಕಾಸುವವರು ಅವರೇ, ಲೆಕ್ಕ ಬರೆಯುವವರೂ ಅವರೇ. ಸಂಬಳದವರು ಇದ್ದರೆ ಒಬ್ಬರು, ಅನೇಕ ಕಡೆ ಅದೂ ಇಲ್ಲ.

ಆ ಬದುಕನ್ನು ನಮ್ಮ ಬಯಲುಸೀಮೆಯಲ್ಲಿ ಹುಡುಕಿಕೊಂಡು ಹೋದರೆ ಸಿಗುವುದು ಬಾಲ್ ಬ್ಯಾಡ್ಮಿಂಟನ್ ಕೋರ್ಟಿನ ಪಕ್ಕದಲ್ಲಿ.

ಮೂವತ್ತರೊಳಗಿನ ಓದುಗರಿಗೆ ಒಂದಿಷ್ಟು ವಿವರಿಸಬೇಕು. ಇದು ಹಕ್ಕಿಗರಿಯ ಶಟಲ್ ಆಟದಂತೆ ಕಂಡರೂ ಆಡುವುದು ಉಣ್ಣೆ ಚೆಂಡಿನಲ್ಲಿ, ಬಯಲಿನಲ್ಲಿ, ಒಂದೊಂದು ಕಡೆ ಐವರಂತೆ. ಚೆಂಡು ಹಳದಿ ಬಣ್ಣದ್ದು, ತೂಕ 27ರಿಂದ 30 ಗ್ರಾಂ. ರ‍್ಯಾಕೆಟ್ಟು ಹೆಚ್ಚು ಭಾರ, ಶಟಲ್ ಬ್ಯಾಟು ಹಿಡಿದು ರೂಢಿಯಾದ ಕೈಗೆ ಮೊದಲ ವಾರ ಮಣಿಕಟ್ಟು ನೋಯುತ್ತದೆ. ಕೋರ್ಟು 24 ಮೀಟರು ಉದ್ದ, 12 ಮೀಟರು ಅಗಲ. ನಮ್ಮ ಲೆಕ್ಕದಲ್ಲಿ ಮೂರು ಗುಂಟೆಗೂ ಕೊಂಚ ಕಮ್ಮಿ. ಮೊದಲು 29 ಪಾಯಿಂಟಿಗೆ ಒಂದು ಗೇಮು ಮುಗಿಯುತ್ತಿತ್ತು, ಈಗ 35. ಹುಟ್ಟಿದ್ದು ತಂಜಾವೂರಿನಲ್ಲಿ, ಅಲ್ಲಿನ ರಾಜಮನೆತನದವರು 1856ರ ಹೊತ್ತಿಗೇ ಆಡುತ್ತಿದ್ದರು. 1954ರಲ್ಲಿ ಅಖಿಲ ಭಾರತ ಫೆಡರೇಶನ್ನು ಆಯಿತು. ಅರಮನೆಯಲ್ಲಿ ಹುಟ್ಟಿದ ಆಟ ಹಳ್ಳಿಗೆ ಒಗ್ಗಿಹೋಗಿದ್ದಕ್ಕೆ ಕಾರಣ ಸರಳ: ಒಂದು ನೆಟ್, ಎರಡು ಕಂಬ, ಸಮತಟ್ಟು ನೆಲ ಇದ್ದರೆ ಹತ್ತು ಜನ ಒಟ್ಟಿಗೆ ಆಡಬಹುದು. ಈ ಆಟಕ್ಕೆ 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ವಾರಂಗಲ್ಲಿನ ಜೆ. ಪಿಚ್ಚಯ್ಯನವರು ನೂರು ದಾಟಿ ಬದುಕಿ 2021ರಲ್ಲಿ ತೀರಿಕೊಂಡರು. ನಮ್ಮ ಹಿರಿಯ ಆಟಗಾರರು ಸೊಂಟನೋವು ಬಂದಾಗಲೆಲ್ಲ ಅವರ ವಯಸ್ಸನ್ನೇ ಎತ್ತಿ ಹೇಳಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಕಂಬಳಿಗೆ ಹೆಸರಾದ ಊರು ಚಳ್ಳಕೆರೆ. ಉಣ್ಣೆಯ ಗುಣ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಕುರಿಯ ಒರಟು ಕರಿ ಉಣ್ಣೆ ಬೇರೆ, ಚೆಂಡಿಗೆ ಸುತ್ತುವ ನೂಲು ಬೇರೆ. ಆದರೂ ಆಟದ ರುಚಿಯೆಲ್ಲ ಆ ಉಣ್ಣೆಯಲ್ಲೇ ಇದೆ. ಹೊಸ ಚೆಂಡು ನುಣ್ಣಗಿರುತ್ತದೆ, ವೇಗವಾಗಿ ಹೋಗುತ್ತದೆ, ಯಾರ ಮಾತೂ ಕೇಳುವುದಿಲ್ಲ. ಎರಡು ಗೇಮು ಆದ ಮೇಲೆ ಜುಬುರು ಏಳುತ್ತದೆ, ಆಗ ಅದು ತಂತಿಗೆ ಕಚ್ಚಿಕೊಳ್ಳುತ್ತದೆ. ಪಳಗಿದವನು ಸೊಂಟದ ಕೆಳಗಿನಿಂದ ಸರ್ವಿಸು ಮಾಡುವಾಗ ಕೊನೆಗಳಿಗೆಯಲ್ಲಿ ಮಣಿಕಟ್ಟು ತಿರುವಿ ಕಟ್ ಕೊಡುತ್ತಾನೆ. ಚೆಂಡು ನೆಟ್ಟಿನ ಮೇಲೆ ಗಿರಗಿರನೆ ಸುತ್ತುತ್ತ ಹೋಗಿ ಎದುರಿನವನ ಬ್ಯಾಟಿನಿಂದ ಅವನು ಬಯಸದ ದಿಕ್ಕಿಗೇ ಹಾರುತ್ತದೆ. ಅಂಥ ಸರ್ವಿಸಿಗಾಗಿಯೇ ಹಳೇ ಚೆಂಡನ್ನು ಜೇಬಿನಲ್ಲಿ ಅಡಗಿಸಿಟ್ಟುಕೊಳ್ಳುವವರಿದ್ದಾರೆ. ಹೆಸರು ಬೇಡ, ಅವರಿಗೇ ಗೊತ್ತು.

ಇನ್ನು ಗಾಳಿ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದರೆ ಈಚೆ ಬಯಲಲ್ಲಿ ನಮ್ಮ ನೆಟ್ ಹಾಯಿಪಟದಂತೆ ಉಬ್ಬಿ ನಿಲ್ಲುತ್ತದೆ. ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಕೋರ್ಟನ್ನು ತೆಂಕು-ಬಡಗಾಗಿ ಹಾಕಿರುತ್ತೇವೆ, ಗಾಳಿ ಪಡುವಣದಿಂದ ಅಡ್ಡ ಬೀಸುತ್ತದೆ. ಶಟಲ್ ಆಡುವವರು ಅಷ್ಟಕ್ಕೇ ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಾರೆ. ನಮ್ಮವರ ಆಟ ಶುರುವಾಗುವುದೇ ಅಲ್ಲಿಂದ. ಪಡುವಣ ಗೆರೆಯಿಂದ ಎರಡು ಅಡಿ ಹೊರಗೆ ಗುರಿಯಿಟ್ಟು ಎತ್ತಿ ಹೊಡೆದರೆ ಎದುರಿನವನು ಔಟೆಂದು ಕೈ ಕಟ್ಟಿ ನಿಲ್ಲುತ್ತಾನೆ, ಚೆಂಡು ಗಾಳಿಗೆ ಬಾಗಿ ಬಂದು ಗೆರೆಯೊಳಗೆ ಕೂರುತ್ತದೆ. ಇದನ್ನು ಕಲಿಸಿಕೊಡಲು ಕೋಚು ಬೇಡ, ನಾಲ್ಕು ಆಷಾಢ ಬೇಕು.

ಗೆರೆ ಅಂದೆನಲ್ಲ, ಅದು ಸುಣ್ಣದ ಗೆರೆಯೇ ಆಗಿರಬೇಕೆನ್ನುವುದು ನನ್ನ ಹಟ. ಹುಡುಗರು ನೈಲಾನ್ ಪಟ್ಟಿ ಹೊಡೆಯೋಣ ಅನ್ನುತ್ತಾರೆ. ಪಟ್ಟಿ ಸಾಕ್ಷಿ ಹೇಳುವುದಿಲ್ಲ. ಸುಣ್ಣದ ಮೇಲೆ ಬಿದ್ದ ಉಣ್ಣೆ ಚೆಂಡು ಒಂದು ಬಿಳಿ ಮಚ್ಚೆ ಹೊತ್ತುಕೊಂಡೇ ಮೇಲೇಳುತ್ತದೆ. ಜಗಳ ಹತ್ತಿದಾಗ ಅಂಪೈರು ಚೆಂಡು ತರಿಸಿಕೊಂಡು, ತಿರುಗಿಸಿ ನೋಡಿ, ಮಚ್ಚೆಯನ್ನು ಇಬ್ಬರಿಗೂ ತೋರಿಸಿ, ಬೆರಳಿನಿಂದ ಕೊಡವಿ ವಾಪಸು ಎಸೆಯುತ್ತಾನೆ. ಹಿಂದಿನ ಪಾಯಿಂಟಿನ ಮಚ್ಚೆಯನ್ನು ಕೊಡವದೆ ಬಿಟ್ಟಿದ್ದರೆ ಮಾತ್ರ ಹೊಸ ಜಗಳ.

ಈ ಸುಣ್ಣ ಎಳೆಯುವುದಕ್ಕೆ ಮೊದಲು ನೆಲ ಆಗಬೇಕು. ಕೋರ್ಟು ಕಟ್ಟುವುದು ಅಂದರೆ ಕಣ ಮಾಡುವ ಕೆಲಸವೇ. ಕಳೆ ಕೆತ್ತಿ, ಕಲ್ಲು ಆರಿಸಿ, ಗರಸು ಮಣ್ಣು ಹರಡಿ, ಸಂಜೆ ನೀರು ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಿಗ್ಗೆ ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಮಣ್ಣು ಮಾತ್ರ ಅಂಗಾಲಿಗೆ ಮೆತ್ತಬಾರದು. ಗುಂಡು ಉರುಳಿಸಲು ಅದೇ ಹದ. ಕಲ್ಲಿಗೆ ಮಣ್ಣು ಅಂಟದಂತೆ ಮೊದಲು ಶೇಂಗಾ ಹೊಟ್ಟು ಉದುರಿಸಬೇಕು. ಆಮೇಲೆ ಸಗಣಿ ಬಗ್ಗಡ ಸುರಿದು ತೊಗರಿ ಕಡ್ಡಿಯ ಪೊರಕೆಯಲ್ಲಿ ಒಂದೇ ದಿಕ್ಕಿಗೆ ಎಳೆಯಬೇಕು. ಈಗ ರಾಗಿ, ನವಣೆ ಎಲ್ಲ ಟಾರು ರಸ್ತೆಯ ಮೇಲೇ ಒಕ್ಕಣೆ ಆಗುವುದರಿಂದ ನಲವತ್ತರೊಳಗಿನವರಿಗೆ ಈ ಹದ ಗೊತ್ತಿಲ್ಲ. ಗುಂಡುಕಲ್ಲುಗಳು ಹೊಲದ ಬದುವಿನಲ್ಲಿ ಬಿದ್ದಿವೆ. ನಮ್ಮ ಕೋರ್ಟಿಗೆ ಬಂದ ಗುಂಡು ಅಂಥದ್ದೇ. ಅದನ್ನು ಕೊಟ್ಟ ಅಜ್ಜ ಒಂದು ದಿನವೂ ಬ್ಯಾಟು ಮುಟ್ಟಿದವನಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಾನೇ ಬಂದು ನಿಂತು ‘ಇನ್ನೊಂದು ಸುತ್ತು ಎಳೀರ‍್ಲಾ, ಮೂಲೆ ಹಂಗೇ ಐತೆ’ ಎಂದು ಬೈದು ಹೋಗುತ್ತಾನೆ. ಆ ಬೈಗುಳ ಇಲ್ಲದೆ ನಮ್ಮ ಸೀಸನ್ನು ಶುರುವಾಗುವುದಿಲ್ಲ.

ನೀರಿನ ಮಾತು ಬಂದರೆ ಇಲ್ಲಿ ಆಟದವರು ತಲೆ ತಗ್ಗಿಸಲೇಬೇಕು. ಕೊಡ ಹಿಡಿದು ಜನ ಸಿಸ್ಟನ್ ಮುಂದೆ ನಿಂತಿರುವಾಗ ನೆಲಕ್ಕೆ ನೀರು ಹೊಯ್ಯುವುದು ಹೇಗೆ? ಬರಗಾಲದಲ್ಲಿ ಇದೇ ಪ್ರಶ್ನೆಗೆ ಎಷ್ಟೋ ಕೋರ್ಟುಗಳು ಮುಚ್ಚಿಹೋಗುತ್ತವೆ, ಮುಚ್ಚಿದ್ದೂ ನ್ಯಾಯವೇ. ನಮ್ಮಲ್ಲಿ ಉಪಾಯ ಹೇಳಿದ್ದು ಒಬ್ಬ ಆಟೋ ಡ್ರೈವರು. ಫ್ಲೋರೈಡಿನ ಜಿಲ್ಲೆ ಇದು, ಊರೂರಿಗೂ ಶುದ್ಧ ನೀರಿನ ಘಟಕಗಳಿವೆ. ಕಾಸು ಹಾಕಿ ಒಂದು ಕ್ಯಾನ್ ಹಿಡಿದುಕೊಂಡರೆ ಆ ಕಡೆ ಇನ್ನಷ್ಟು ನೀರು ಉಪ್ಪುಗಟ್ಟಿ ಚರಂಡಿಗೆ ಹೋಗುತ್ತದೆ. ಕುಡಿಯಲು ಬಾರದ, ಗಿಡಕ್ಕೂ ಒಗ್ಗದ ಆ ನೀರು ಧೂಳು ಕೂರಿಸಲು ಧಾರಾಳ ಸಾಕು. ಅಂದಿನಿಂದ ಎರಡು ನೀಲಿ ಡ್ರಮ್ಮು ತುಂಬಿಸಿ ಆಟೋದಲ್ಲಿ ತರುವ ಪಾಳಿ ನಡೆದಿದೆ. ಪಾಳಿ ತಪ್ಪಿಸಿದವನಿಗೆ ದಂಡವಿಲ್ಲ, ಆ ದಿನ ಕೊನೆಯ ಗೇಮಿನಲ್ಲಿ ಮಾತ್ರ ಅವನಿಗೆ ಜಾಗ. ಬಯಲಿನ ಆಟದಲ್ಲಿ ಕೊನೆಯ ಗೇಮೆಂದರೆ ಕತ್ತಲು. ಇದಕ್ಕಿಂತ ಕಠಿಣ ಶಿಕ್ಷೆಯನ್ನು ಯಾವ ಬೈಲಾದಲ್ಲೂ ನಾನು ನೋಡಿಲ್ಲ.

ನಮ್ಮ ಕೂಟಕ್ಕೆ ಬೈಲಾ ಇಲ್ಲ, ಬೋರ್ಡೂ ಇಲ್ಲ. ಒಂದು ಉದ್ದ ನೋಟುಬುಕ್ಕಿದೆ. ಅದು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದು ನಿವೃತ್ತರಾದ ಗುಮಾಸ್ತರ ವಶದಲ್ಲಿದೆ. ಚಳ್ಳಕೆರೆ ಎಣ್ಣೆಗೆ ದರ ಹೇಳುತ್ತಿದ್ದ ಕಾಲದವರು ಅವರು, ಒಂದು ಡಬ್ಬ ಚೆಂಡು ತಂದರೂ ಜಮಾ-ಖರ್ಚು ಎರಡೂ ಬದಿಗೆ ಬರೆಯುತ್ತಾರೆ. ಹಮಾಲಿ, ಲೈನ್‌ಮನ್, ಬ್ಯಾಂಕಿನ ಕ್ಯಾಷಿಯರು, ಪಿ.ಟಿ. ಮೇಷ್ಟ್ರು ಎಲ್ಲರೂ ಅವರ ಪುಟದಲ್ಲಿ ಬಾಕಿದಾರರು. ಕೋರ್ಟಿನೊಳಗೆ ಮಾತ್ರ ಲೆಕ್ಕ ಬೇರೆ. ಐವರಲ್ಲಿ ನಡುವೆ ನಿಲ್ಲುವವನದ್ದೇ ಯಜಮಾನಿಕೆ, ಮುಂದಿನ ಇಬ್ಬರಿಗೂ ಹಿಂದಿನ ಇಬ್ಬರಿಗೂ ಕೂಗಿ ಹೇಳುವವನು ಅವನು. ನಮ್ಮಲ್ಲಿ ಆ ಜಾಗ ಹಮಾಲಿಯದು. ಕ್ಯಾಷಿಯರು ಹಿಂದೆ ಬಲಕ್ಕೆ ನಿಂತು ‘ಬಿಡ್ರೀ ಸಾರ್, ನಂದು’ ಎನ್ನುವ ಕೂಗಿಗೆ ತಲೆಬಾಗಿ ಸರಿಯುತ್ತಾರೆ.

ವರ್ಷಕ್ಕೊಂದೆರಡು ಸಲ ತಳುಕು, ಹಾನಗಲ್ ದಾಟಿ ಮೊಳಕಾಲ್ಮುರಿನ ಕಡೆಗೆ ಹೋಗುತ್ತೇವೆ. ಅಲ್ಲಿ ಬಂಡೆಗುಡ್ಡಗಳ ಮರೆ, ಗಾಳಿ ಕಡಿಮೆ, ಆಟವೂ ಬೇರೆ. ಆಡಲು ಬರುವವರಲ್ಲಿ ರೇಷ್ಮೆ ಸೀರೆ ನೇಯುವವರಿದ್ದಾರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಸೀರೆ ಅದು. ಹಗಲಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಸಂಜೆ ಓಡುವುದೇ ವಿಶ್ರಾಂತಿ. ಅವರ ಸ್ಮ್ಯಾಷಿನಲ್ಲಿ ಬಲವಿಲ್ಲ, ಡ್ರಾಪಿನಲ್ಲಿ ವಿಷವಿದೆ. ಕಣ್ಣಿಗೆ ಕಾಣದ ಎಳೆಯನ್ನು ಬೆರಳಲ್ಲಿ ಹಿಡಿಯುವವರು ಚೆಂಡನ್ನು ನೆಟ್ಟಿನ ದಾರಕ್ಕೆ ಸವರಿಸಿ ಆಚೆ ಬೀಳಿಸುತ್ತಾರೆ. ಆಂಧ್ರದ ಗಡಿಯಾದ್ದರಿಂದ ಅರ್ಧ ಕೂಗು ತೆಲುಗಿನಲ್ಲಿ, ಸ್ಕೋರು ಕನ್ನಡದಲ್ಲಿ, ಬೈಗುಳ ಎರಡರಲ್ಲೂ. ಆಟವಾದ ಮೇಲೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ. ಖರ್ಚು ಗೆದ್ದವರದು. ಈ ಪದ್ಧತಿ ನನಗೆ ತುಂಬ ಇಷ್ಟ, ನಾವು ಅಲ್ಲಿ ಗೆದ್ದದ್ದು ಕಡಿಮೆಯಾದ್ದರಿಂದ ಇನ್ನೂ ಇಷ್ಟ.

ಕೂಟ ಕೆಡುವುದು ಬಡತನದಿಂದ ಅನ್ನುವವರಿದ್ದಾರೆ. ನಾನು ಕಂಡಂತೆ ಕೆಡಿಸುವುದು ಅವಸರದ ದುಡ್ಡು. ಚುನಾವಣೆ ಹತ್ತಿರವಾದಾಗ ಯಾರೋ ಬಂದು ಆಳೆತ್ತರದ ಟ್ರೋಫಿ, ಶಾಮಿಯಾನ, ಮೈಕು, ಹಾಲೋಜನ್ ದೀಪ ಎಲ್ಲ ಕೊಡಿಸುತ್ತಾರೆ. ಎರಡು ರಾತ್ರಿ ಜಾತ್ರೆ. ಮೂರನೇ ದಿನ ಕೋರ್ಟಿನ ತುಂಬ ಗೂಟದ ಗುಂಡಿ, ಅವನ್ನು ಮುಚ್ಚಲು ಹಳೇ ನಾಲ್ವರೇ ಬರಬೇಕು. ಮುಂದಿನ ವರ್ಷ ಅಂಥ ಬಹುಮಾನ ಇಲ್ಲವೆಂದು ಹೊರಗಿನ ತಂಡಗಳು ಬರುವುದಿಲ್ಲ, ಊರ ಹುಡುಗರಿಗೂ ಸಪ್ಪೆ ಎನಿಸುತ್ತದೆ. ಇನ್ನೊಂದು ಕಡೆ ತಗಡಿನ ಶೆಡ್ಡಿನೊಳಗೆ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಶಟಲ್ ಕೋರ್ಟುಗಳು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ಅಲ್ಲೂ ಬೆವರು ಸುರಿಯುತ್ತದೆ. ಆದರೆ ಅಲ್ಲಿ ಆಡಲು ಬಂದವನು ಪೊರಕೆ ಹಿಡಿಯುವುದಿಲ್ಲ, ಗಂಟೆ ಮುಗಿದೊಡನೆ ಪಕ್ಕದವನ ಹೆಸರೂ ಕೇಳದೆ ಗಾಡಿ ಹತ್ತುತ್ತಾನೆ. ಬಾಡಿಗೆಗೆ ಕೋರ್ಟು ಸಿಗುತ್ತದೆ, ಬೈಯುವ ಅಜ್ಜ ಸಿಗುವುದಿಲ್ಲ.

ನಮ್ಮ ಕೊರತೆ ದೊಡ್ಡದೊಂದಿದೆ, ಹುಡುಗಿಯರದು. ಶಾಲಾ ಕ್ರೀಡಾಕೂಟದಲ್ಲಿ ಚೆನ್ನಾಗಿ ಆಡಿದವರು ಹತ್ತನೇ ತರಗತಿ ಮುಗಿದೊಡನೆ ಕಾಣೆಯಾಗುತ್ತಾರೆ. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನ ಹುಡುಗಿಯರು ಇದೇ ಆಟದಲ್ಲಿ ದೇಶಮಟ್ಟದಲ್ಲಿ ಗೆಲ್ಲುತ್ತಿರುವಾಗ ಇಲ್ಲಿನವರಿಗೆ ಕೈ ಬರುವುದಿಲ್ಲ ಎನ್ನುವುದು ಸುಳ್ಳು. ಬರದಿರುವುದು ಜಾಗ, ಹೊತ್ತು, ಮನೆಯವರ ಒಪ್ಪಿಗೆ. ಬೆಳಗಿನ ಆರರಿಂದ ಏಳೂವರೆ ಅವರದ್ದೇ ಎಂದು ನಾವು ಬಿಟ್ಟುಕೊಟ್ಟು ನೋಡಿದೆವು. ಮೊದಲ ತಿಂಗಳು ಬಂದವರು ಪಿ.ಟಿ. ಮೇಷ್ಟ್ರ ಮಗಳು ಮತ್ತು ಅವಳ ಗೆಳತಿ, ಇಬ್ಬರೇ. ಈಗ ಎರಡು ತಂಡಕ್ಕೆ ಒಬ್ಬಳು ಕಡಿಮೆ. ಅವರು ಬಂದ ಮೇಲೆ ನೆಲ ಗುಡಿಸುವ ಪಾಳಿ ತಪ್ಪಿಲ್ಲ ಎನ್ನುವುದನ್ನು ಗಂಡಸರ ಪರವಾಗಿ ನಾಚಿಕೆಯಿಂದ ಬರೆಯುತ್ತಿದ್ದೇನೆ.

ನಿಮ್ಮೂರ ಶಾಲೆಯ ಹಿಂದೆ ಜಾಲಿ ಬೆಳೆದ ಐದಾರು ಗುಂಟೆ ಜಾಗವಿದ್ದರೆ ಎಸ್‌ಡಿಎಂಸಿಯವರನ್ನು ಒಂದು ಮಾತು ಕೇಳಿ. ಕೋರ್ಟಿಗೆ ಮೂರು ಗುಂಟೆ, ಉಳಿದದ್ದು ಸುತ್ತ ಓಡಾಡಲು. ಉದ್ದವನ್ನು ತೆಂಕು-ಬಡಗಿಗೇ ಅಳೆಯಿರಿ, ಹಗ್ಗಕ್ಕೆ ಗಂಟು ಹಾಕುವ ಮೊದಲು ಅದನ್ನು ನೆನೆಸಿ ಎಳೆದಿಟ್ಟುಕೊಳ್ಳಿ, ಇಲ್ಲದಿದ್ದರೆ 24 ಮೀಟರು 25 ಆಗುತ್ತದೆ. ಹೊಲದ ಬದುವಿನಲ್ಲಿ ಗುಂಡುಕಲ್ಲು ಯಾರದ್ದು ಬಿದ್ದಿದೆ ವಿಚಾರಿಸಿ. ಸುಗ್ಗಿ ಮುಗಿದು ಬಿಸಿಲು ಏರುವ ಮೊದಲಿನ ಆರೇಳು ವಾರ ನೆಲ ಕಟ್ಟಲು ಒಳ್ಳೇ ಹೊತ್ತು. ನಮ್ಮಲ್ಲಿ ಒಂದು ಹಳೇ ನೆಟ್ ಇದೆ, ಎರಡು ಕಡೆ ತೇಪೆ ಹಾಕಿದ್ದು. ಬೇಕಾದವರು ಬಂದು ಒಯ್ಯಬಹುದು.