ಗ್ರಾಫೀನಿನಲ್ಲಿ ಜಲಜನಕದ ಸಂಗ್ರಹ: ಒಂದು ವಿಮರ್ಶೆ

ಜಲಜನಕವನ್ನು ವಾಹನದಲ್ಲಿ ಅನಿಲವಾಗಿಯೇ ಒಯ್ಯಬೇಕಾದರೆ ವಾತಾವರಣದ ಒತ್ತಡದ ಸುಮಾರು 700 ಪಟ್ಟು ಒತ್ತಡವನ್ನು ತಾಳುವ ತೊಟ್ಟಿ ಬೇಕಾಗುವುದರಿಂದ, ಅದನ್ನು ಘನವಸ್ತುವೊಂದರಲ್ಲಿ ಹಿಡಿದಿಟ್ಟು ಬೇಕೆಂದಾಗ ಬಿಡಿಸಿಕೊಳ್ಳುವ ಉಪಾಯವನ್ನು ವಿಜ್ಞಾನಿಗಳು ದಶಕಗಳಿಂದ ಹುಡುಕುತ್ತಿದ್ದಾರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್, ಉಮೇಶ್ ವಾಘ್ಮಾರೆ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಹುಡುಕಾಟಕ್ಕೆ ಕರ್ನಾಟಕದಿಂದ ಸಂದ ಮಹತ್ವದ ಕೊಡುಗೆ.

ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಹೆಣೆದುಕೊಂಡು ಒಂದೇ ಪರಮಾಣುವಿನಷ್ಟು ದಪ್ಪವಾಗಿ ಹರಡಿದ ಹಾಳೆಯೇ ಗ್ರಾಫೀನ್. ಇಂಥ ಕೆಲವೇ ಪದರಗಳುಳ್ಳ ಮಾದರಿಗಳನ್ನು ಬರ್ಚ್ ಅಪಕರ್ಷಣಕ್ಕೆ, ಎಂದರೆ ದ್ರವ ಅಮೋನಿಯದಲ್ಲಿ ಲಿಥಿಯಂ ಲೋಹದೊಡನೆ ನಡೆಯುವ ಕ್ರಿಯೆಗೆ, ಒಳಪಡಿಸಿದಾಗ ಅವು ತೂಕದ ಶೇ. 5ರವರೆಗೆ ಜಲಜನಕವನ್ನು ಕೂಡಿಸಿಕೊಂಡವು. ಪ್ರತಿ ಇಂಗಾಲಕ್ಕೂ ಒಂದೊಂದು ಜಲಜನಕ ಸೇರಿದರೆ ದೊರೆಯುವ ಗರಿಷ್ಠ ಪ್ರಮಾಣವು ಶೇ. 7.7 ಆಗಿರುವುದರಿಂದ, ಇದು ಮಿತಿಯ ಸುಮಾರು ಮೂರರಲ್ಲಿ ಎರಡು ಪಾಲು. 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ, ಇಲ್ಲವೆ ನೇರಳಾತೀತ ಕಿರಣ ಅಥವಾ ಲೇಸರನ್ನು ಹಾಯಿಸಿದಾಗ, ಸೇರಿದ ಜಲಜನಕವೆಲ್ಲ ಹೊರಬಂದಿತು.

ಸೂಕ್ಷ್ಮರಂಧ್ರಗಳ ವಸ್ತುಗಳಲ್ಲಿ ಜಲಜನಕದ ಅಣು ದುರ್ಬಲ ಸೆಳೆತದಿಂದಷ್ಟೇ ಮೇಲ್ಮೈಗೆ ಅಂಟುವುದರಿಂದ ಅದನ್ನು ಹೆಚ್ಚು ಪ್ರಮಾಣದಲ್ಲಿ ಹಿಡಿಯಲು ದ್ರವ ಸಾರಜನಕದಷ್ಟು, ಎಂದರೆ ಮೈನಸ್ 196 ಡಿಗ್ರಿಯಷ್ಟು, ತಂಪು ಬೇಕಾಗುತ್ತದೆ. ಇಲ್ಲಿಯಾದರೋ ರಾಸಾಯನಿಕ ಬಂಧವೇ ಕಾವಲಿರುವುದರಿಂದ ಆ ಹೊರೆ ತಪ್ಪುತ್ತದೆ. ಜಲಜನಕವು ಬಿಟ್ಟುಹೋಗುವಾಗ ಇಂಗಾಲದ ಜಾಲ ಹೇಗೆ ಮರುಜೋಡಣೆಗೊಳ್ಳುತ್ತದೆ ಎಂಬುದನ್ನು ಸೈದ್ಧಾಂತಿಕ ಗಣನೆಯಿಂದ ವಿವರಿಸಿರುವುದು ಈ ಕೃತಿಯ ಇನ್ನೊಂದು ಬಲ.

ಆದರೆ ಕಾವಲಿನ ಬಲವೇ ಬಿಡುಗಡೆಯ ವೆಚ್ಚವಾಗಿದೆ. ವಾಹನಗಳ ಇಂಧನಕೋಶವು ಸುಮಾರು 80 ಡಿಗ್ರಿಯಲ್ಲಿ ಕೆಲಸ ಮಾಡುವುದರಿಂದ ಅದರ ಬಿಸಿಯು ಈ ಬಂಧವನ್ನು ಬಿಡಿಸಲಾರದು. ಇದಕ್ಕಿಂತ ಗಂಭೀರವಾದ ಕೊರತೆಯು ಮರುಭರ್ತಿಯದು: ಬರಿದಾದ ಗ್ರಾಫೀನಿಗೆ ಇದೇ ವಿಧಾನದಿಂದ ಜಲಜನಕವನ್ನು ತುಂಬಬೇಕಾದರೆ ಪ್ರತಿ ಸಲವೂ ಲಿಥಿಯಂ ವ್ಯಯವಾಗುತ್ತದೆ. ಲ್ಯಾಂಥನಮ್ ಮತ್ತು ನಿಕ್ಕಲ್‌ಗಳ ಮಿಶ್ರಲೋಹವು ಶೇ. 1.4ರಷ್ಟನ್ನೇ ಹಿಡಿದರೂ ಸಾಮಾನ್ಯ ತಾಪದ ಆಸುಪಾಸಿನಲ್ಲಿ ಅನಿಲವನ್ನು ನೇರವಾಗಿ ಹೀರಿ ಮತ್ತೆ ಮತ್ತೆ ಬಿಡುತ್ತದೆ. ಕಣಜದ ಯೋಗ್ಯತೆಯು ಒಂದು ಸುಗ್ಗಿಯ ಕಾಳಿನಿಂದ ತಿಳಿಯದಂತೆ, ಸಂಗ್ರಾಹಕದ ಯೋಗ್ಯತೆಯೂ ತೂಕದ ಶೇಕಡಾವಾರು ಒಂದರಿಂದಲೇ ತಿಳಿಯದು.

ಸಂಶೋಧಕರು ತಮ್ಮ ಫಲಿತಾಂಶವನ್ನು ಸಾಧ್ಯತೆಯೆಂದೇ ಮಂಡಿಸಿರುವುದು ಅವರ ಸಂಯಮಕ್ಕೆ ಸಾಕ್ಷಿ. ಬಂಧವು ಕೂಡಿ ಪೂರ್ತಿಯಾಗಿ ಬಿಡುತ್ತದೆಂದು ತೋರಿಸಿದ ರಸಾಯನಶಾಸ್ತ್ರದ ಕೃತಿಯಾಗಿ ಈ ಅಧ್ಯಯನವು ಗಟ್ಟಿಯಾದುದು. ಜಲಜನಕದ ಅನಿಲವನ್ನೇ ಸೌಮ್ಯ ತಾಪದಲ್ಲಿ ಅದೇ ಹಾಳೆಗೆ ಮರಳಿ ಸೇರಿಸುವ ವೇಗವರ್ಧಕ ದೊರೆತಾಗಲೇ ಇದು ಸಂಗ್ರಹವೆಂಬ ಹೆಸರಿಗೆ ಪೂರ್ಣವಾಗಿ ಅರ್ಹವಾಗುತ್ತದೆ.